ಗೊತ್ತಾದ ದಿನ

ಸ್ಯಾಲಿ ಚಾಲೆನ್ ಕಣ್ಣಾರೆ ಕಂಡಿದ್ದಳು. ಗಂಡನ ಮೇಲೆ ಅನುಮಾನ ಬಂದು, ಅವನಿಗೆ ತಿಳಿಯದಂತೆ ಬೆನ್ನು ಹತ್ತಿ ಹೋಗಿದ್ದಳು. ಮಸಾಜ್ ಪಾರ್ಲರ್ ಎಂಬ ಹೆಸರಿನಲ್ಲಿ ನಡೆಯುತ್ತಿದ್ದ ವೇಶ್ಯಾಗೃಹಕ್ಕೆ ಅವನು ಹೋಗುತ್ತಿದ್ದದ್ದು ಆಕೆಯ ಕಣ್ಣಿಗೆ ಬಿದ್ದಿತ್ತು. ಕೇಳಿದಾಗ ಗಂಡ ರಿಚರ್ಡ್ ಒಪ್ಪಿಕೊಳ್ಳಲಿಲ್ಲ, ತಲೆ ತಗ್ಗಿಸಲಿಲ್ಲ. ನಿನಗೆ ತಲೆ ಕೆಟ್ಟಿದೆ ಎಂದ. ಒಮ್ಮೆಯಲ್ಲ, ವರ್ಷಗಟ್ಟಲೆ, ಆಕೆ ಕೇಳಿದಾಗಲೆಲ್ಲ ಅವನ ಉತ್ತರ ಅದೊಂದೇ. ಕೊನೆಕೊನೆಗೆ ಆಕೆಗೆ ತನ್ನ ಕಣ್ಣಿಗಿಂತ ಅವನ ಮಾತೇ ಹೆಚ್ಚು ನಿಜವೆನಿಸತೊಡಗಿತ್ತು.

ಇದು ನಡೆದದ್ದು ಇಂಗ್ಲೆಂಡಿನ ಸರ್ರೆ ಕೌಂಟಿಯ ಕ್ಲೇಗೇಟ್ ಎಂಬ ಅನುಕೂಲಸ್ಥರ ಊರಿನಲ್ಲಿ. ಅವರಿಬ್ಬರ ಭೇಟಿಯಾದಾಗ ಆಕೆಗೆ 15, ಅವನಿಗೆ 22. 1979ರಲ್ಲಿ ಮದುವೆ, ಇಬ್ಬರು ಗಂಡುಮಕ್ಕಳು. ಆಕೆ ಕಚೇರಿ ಕೆಲಸದಲ್ಲಿದ್ದು ಸಂಪಾದಿಸುತ್ತಿದ್ದವಳು. ಅವನು ಕಾರು ವ್ಯಾಪಾರದಲ್ಲಿದ್ದವನು, ಹತ್ತು ಜನರ ನಡುವೆ ಮಾತುಗಾರ. ಆಕೆಯ ಮೈ, ತೂಕ, ಮಾತು, ಅಡುಗೆ ಯಾವುದೂ ಅವನ ಹಾಸ್ಯದಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಒಂದು ಕ್ರಿಸ್‌ಮಸ್‌ಗೆ ಅವನು ಬಂಧುಮಿತ್ರರಿಗೆ ಕಳಿಸಿದ ಶುಭಾಶಯ ಪತ್ರದಲ್ಲಿ, ಕೆಂಪು ಫೆರಾರಿ ಕಾರಿಗೆ ಒರಗಿದ ಅರೆಬೆತ್ತಲೆ ಯುವತಿಯರ ಜೊತೆ ತಾನೇ ನಿಂತ ಚಿತ್ರವಿತ್ತು. ಅವಮಾನ ಮನೆಯ ಒಳಗಷ್ಟೇ ಇರಲಿಲ್ಲ, ಅಂಚೆಯಲ್ಲಿ ಊರೆಲ್ಲ ತಿರುಗಿತು.

2009ರಲ್ಲಿ ಆಕೆ ಬೇರೆ ಮನೆ ಮಾಡಿದಳು, ವಿಚ್ಛೇದನಕ್ಕೂ ಮುಂದಾದಳು. ಆಮೇಲೆ ತಾನಾಗಿಯೇ ಅವನ ಬಳಿಗೆ ತಿರುಗಿದಳು. ಸೇರಿಸಿಕೊಳ್ಳಲು ಅವನು ಷರತ್ತಿನ ಪತ್ರ ಮುಂದಿಟ್ಟ: ಆಸ್ತಿಯಲ್ಲಿ ನ್ಯಾಯವಾಗಿ ಬರುವುದಕ್ಕಿಂತ ಕಡಿಮೆ ಪಾಲಿಗೆ ಒಪ್ಪಬೇಕು, ತಾನು ಮಾತಾಡುವಾಗ ನಡುವೆ ಬಾಯಿ ಹಾಕಬಾರದು. ಅದಕ್ಕೂ ಆಕೆ ಸಿದ್ಧಳಿದ್ದಳು. 2010ರ ಆಗಸ್ಟ್ 14ರ ಬೆಳಿಗ್ಗೆ ಹಳೆಯ ಮನೆಗೆ ಹೋದಾಗ, ಊಟಕ್ಕೆ ಸಾಮಾನು ತರಲು ಅವನು ಆಕೆಯನ್ನು ಮಳೆಯಲ್ಲೇ ಅಂಗಡಿಗೆ ಕಳಿಸಿದ. ಬಂದು ಫೋನ್ ಒತ್ತಿ ನೋಡಿದರೆ, ಅಷ್ಟರಲ್ಲಿ ಅವನು ಇನ್ನೊಬ್ಬ ಹೆಂಗಸಿಗೆ ಕರೆ ಮಾಡಿದ್ದು ತಿಳಿಯಿತು. ಕೇಳಿದಳು. ನನ್ನನ್ನು ಪ್ರಶ್ನಿಸಬೇಡ ಎಂದ. ಮಾಡಿಟ್ಟ ಊಟವನ್ನು ಅವನು ಉಣ್ಣುತ್ತಿದ್ದಾಗ, ಚೀಲದಲ್ಲಿ ತಂದಿದ್ದ ಸುತ್ತಿಗೆಯಿಂದ ಆಕೆ ಅವನ ತಲೆಗೆ ಇಪ್ಪತ್ತಕ್ಕೂ ಹೆಚ್ಚು ಬಾರಿ ಹೊಡೆದಳು. ಅವನು ಸತ್ತ. ಹೆಣದ ಮೇಲೆ ಹೊದಿಕೆ ಹೊದಿಸಿ, ನಿನ್ನನ್ನು ಪ್ರೀತಿಸುತ್ತೇನೆ ಎಂದು ಚೀಟಿ ಬರೆದಿಟ್ಟಳು. ಮರುದಿನ ಬೀಚಿ ಹೆಡ್ ಎಂಬ ಕಡಲ ಕಡಿಬಂಡೆಯ ಅಂಚಿಗೆ ಸಾಯಲು ಹೋಗಿದ್ದಳು. ಅಲ್ಲಿದ್ದವರು ಗಂಟೆಗಟ್ಟಲೆ ಮಾತಾಡಿಸಿ ಉಳಿಸಿದರು.

ಕೊಲೆಯನ್ನು ನಾನು ಸಮರ್ಥಿಸುತ್ತಿಲ್ಲ. ಒಬ್ಬ ಮನುಷ್ಯನ ಜೀವ ಹೋಯಿತು, ಇಬ್ಬರು ಮಕ್ಕಳು ಒಂದೇ ದಿನ ತಂದೆಯನ್ನೂ ತಾಯಿಯನ್ನೂ ಕಳೆದುಕೊಂಡರು. ನನ್ನನ್ನು ಕಾಡುವುದು ಆ ಬೆಳಿಗ್ಗೆಯ ಹಿಂದಿನ ಮೂವತ್ತೊಂದು ವರ್ಷ. 2011ರ ವಿಚಾರಣೆಯಲ್ಲಿ ಆಕೆ ಹೊಟ್ಟೆಕಿಚ್ಚಿನ ಹೆಂಡತಿಯಾಗಿ ಕಂಡಳು. ಗಂಡನ ಫೋನು ತಡಕುವವಳು, ಈ-ಮೇಲ್ ಕದ್ದು ಓದುವವಳು, ಬೆನ್ನು ಹತ್ತಿ ಹೋಗುವವಳು, ಸುತ್ತಿಗೆ ಹಿಡಿದು ಬಂದವಳು. ಜೀವಾವಧಿ ಶಿಕ್ಷೆಯಾಯಿತು, ಕನಿಷ್ಠ 22 ವರ್ಷ ಜೈಲು. ಮೇಲ್ಮನವಿಯಲ್ಲಿ ಅದು 18ಕ್ಕೆ ಇಳಿಯಿತು. ಈ ಚಿತ್ರವನ್ನು ತಿರುಗಿಸಿ ನೋಡಿ. ಹುಡುಕಿದ್ದು, ತಡಕಿದ್ದು, ಹಿಂಬಾಲಿಸಿದ್ದು ಎಲ್ಲ ನಿಜ. ಆದರೆ ಆಕೆ ಹುಡುಕುತ್ತಿದ್ದದ್ದು ಗಂಡನ ತಪ್ಪನ್ನಷ್ಟೇ ಅಲ್ಲ. ತನಗೆ ನಿಜಕ್ಕೂ ಹುಚ್ಚು ಹಿಡಿದಿದೆಯೋ ಇಲ್ಲವೋ ಎಂಬ ಪ್ರಶ್ನೆಗೂ ಉತ್ತರ ಅಲ್ಲೇ ಇತ್ತು. ನಮ್ಮಲ್ಲೂ ಇಂಥವರಿಗೆ ‘ಅನುಮಾನದ ಪಿಶಾಚಿ’ ಎಂಬ ಹೆಸರು ಸಿದ್ಧವಾಗಿದೆ. ಅನುಮಾನ ಎಲ್ಲಿಂದ ಹುಟ್ಟಿತು ಎಂದು ಕೇಳುವವರು ಕಡಿಮೆ.

ಈ ಕಥೆ ಕೇಳಿದವರು ತಕ್ಷಣ ಕೇಳುವ ಪ್ರಶ್ನೆ ಇನ್ನೊಂದಿದೆ: ಗೊತ್ತಿದ್ದೂ ಯಾಕೆ ಇದ್ದಳು? ನನಗೆ ಆ ‘ಗೊತ್ತು’ ಎಂಬ ಪದದ ಮೇಲೇ ಕಣ್ಣು. ಕನ್ನಡದಲ್ಲಿ ಮದುವೆಯೂ ‘ಗೊತ್ತಾಗುತ್ತದೆ’. ಹುಡುಗಿಗೆ ಮದುವೆ ಗೊತ್ತಾಯಿತು ಎಂದರೆ ನಿಶ್ಚಯವಾಯಿತು, ಇನ್ನು ಅಲುಗಾಡುವುದಿಲ್ಲ ಎಂದರ್ಥ. ತಿಳಿಯುವುದಕ್ಕೂ ಅದೇ ಪದ ಬಳಸುವುದರಿಂದಲೋ ಏನೋ, ಒಂದು ಸಂಗತಿ ಗೊತ್ತಾದರೆ ಅದು ಮನಸ್ಸಿನಲ್ಲಿ ಗೂಟ ಹೊಡೆದ ಹಾಗೆ ನಿಲ್ಲುತ್ತದೆ ಎಂದು ನಾವು ಎಣಿಸುತ್ತೇವೆ. ವಂಚನೆಯ ದಾಂಪತ್ಯದಲ್ಲಿ ತಿಳಿವಳಿಕೆ ಹಾಗೆ ನಿಲ್ಲುವುದಿಲ್ಲ. ಸೋಮವಾರ ಗೊತ್ತಾದದ್ದು ಗುರುವಾರದ ಹೊತ್ತಿಗೆ ಅಳಿಸಿಹೋಗಿರುತ್ತದೆ. ಅದನ್ನು ಅಳಿಸಲು ಹಲವು ಕೈಗಳು ದುಡಿಯುತ್ತವೆ. ಒಂದು ಕೈ ಗಂಡನದು, ಇನ್ನೊಂದು ಆಕೆಯ ಸ್ವಂತ ಮನಸ್ಸಿನದು, ಮತ್ತೊಂದು ನಮ್ಮೆಲ್ಲರದು.

ಆಕೆಯ ಮನಸ್ಸಿನಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅಪವಾದ ಹೆಚ್ಚು ಬರುವುದು ಅದರ ಮೇಲೆಯೇ. ಸುಳ್ಳು ಹಿಡಿಯುವುದರಲ್ಲಿ ಮನುಷ್ಯರೆಲ್ಲರೂ ದಡ್ಡರು. ಬಾಂಡ್ ಮತ್ತು ಡಿಪಾಲೊ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಸುಳ್ಳು ಯಾವುದು, ನಿಜ ಯಾವುದು ಎಂದು ಜನ ಸರಿಯಾಗಿ ಹೇಳಿದ್ದು ನೂರಕ್ಕೆ 54 ಸಲ. ನಾಣ್ಯ ಚಿಮ್ಮಿದರೂ 50 ಸಿಗುತ್ತದೆ. ಕಾರಣವೂ ಸರಳ. ನಂಬುವುದು ನಮ್ಮ ಸಹಜ ಸ್ಥಿತಿ. ಹಾಲಿನವನ ಲೆಕ್ಕ, ಮೇಷ್ಟ್ರ ಪಾಠ, ದಾರಿ ಹೇಳಿದವನ ಮಾತು ಎಲ್ಲವನ್ನೂ ಪರೀಕ್ಷಿಸುತ್ತ ಕುಳಿತರೆ ಒಂದು ದಿನವೂ ಬದುಕಲಾಗದು. ಅಪರಿಚಿತರ ವಿಷಯದಲ್ಲೇ ಹೀಗಾದರೆ, ಒಂದೇ ತಟ್ಟೆಯಲ್ಲಿ ಉಂಡವನನ್ನು, ಮಗುವಿಗೆ ಜ್ವರ ಬಂದಾಗ ರಾತ್ರಿಯೆಲ್ಲ ಜೊತೆಗೆ ಕುಳಿತವನನ್ನು ನಂಬಿದ್ದು ದಡ್ಡತನ ಹೇಗಾಗುತ್ತದೆ?

ಇದಕ್ಕಿಂತ ಆಳಕ್ಕೆ ಹೋದವರು ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಜೆನಿಫರ್ ಫ್ರೈಡ್. ನಂಬಿಕೆದ್ರೋಹದ ಆಘಾತ ಎಂಬ ಅವರ ಸಿದ್ಧಾಂತ 1996ರಲ್ಲಿ ಪುಸ್ತಕವಾಗಿ ಬಂತು. ಅವರು ಹೇಳುವುದು ಹೀಗೆ: ಮೋಸಗಾರನನ್ನು ಗುರುತಿಸುವ ಶಕ್ತಿ ನಮ್ಮೆಲ್ಲರಲ್ಲೂ ಇದೆ. ತೂಕದಲ್ಲಿ ಮೋಸ ಮಾಡುವ ಅಂಗಡಿಯವನನ್ನು ನಾವು ಬೇಗ ಗುರುತಿಸುತ್ತೇವೆ, ಏಕೆಂದರೆ ಪಕ್ಕದ ಅಂಗಡಿಗೆ ಹೋಗಬಹುದು. ಬಿಟ್ಟುಹೋಗಲಾಗದವನೇ ಮೋಸ ಮಾಡಿದಾಗ ಆ ಗುರುತಿಸುವಿಕೆಯೇ ಅಪಾಯ. ಕಂಡರೆ ಮುಖ ತಿರುಗಿಸಬೇಕಾಗುತ್ತದೆ. ಮುಖ ತಿರುಗಿಸಿದರೆ ಅನ್ನ, ಸೂರು, ಮಕ್ಕಳು, ಮಾನ ಎಲ್ಲವೂ ಅಲ್ಲಾಡುತ್ತವೆ. ಆಗ ಮನಸ್ಸು ತನಗೆ ತಾನೇ ಕಣ್ಣು ಕಟ್ಟಿಕೊಳ್ಳುತ್ತದೆ. ಫ್ರೈಡ್ ಮೊದಲು ಯೋಚಿಸಿದ್ದು ಹೆತ್ತವರಿಂದಲೇ ದೌರ್ಜನ್ಯಕ್ಕೊಳಗಾದ ಮಕ್ಕಳ ಬಗ್ಗೆ. ಆ ಮಗುವಿಗೆ ಮರೆಯುವುದೇ ಬದುಕುವ ದಾರಿ. ಹೆಂಡತಿಯ ಸ್ಥಿತಿಗೂ ಅವರು ಅದನ್ನೇ ವಿಸ್ತರಿಸಿದರು. ಸ್ಯಾಲಿಗೆ ಸಂಬಳವಿತ್ತಲ್ಲ, ಅವಲಂಬನೆ ಎಲ್ಲಿ ಎನ್ನಬಹುದು. ಹದಿನೈದನೇ ವಯಸ್ಸಿನಿಂದ ಒಬ್ಬನ ಕಣ್ಣಿನಲ್ಲೇ ತನ್ನನ್ನು ನೋಡಿಕೊಂಡವಳಿಗೆ ಸಂಬಳದ ಚೀಟಿ ಬೇರೊಂದು ಕನ್ನಡಿಯನ್ನು ಕೊಡುವುದಿಲ್ಲ.

ಇನ್ನು ಗಂಡನ ಕೈ. ಸಿಕ್ಕಿಬಿದ್ದ ವಂಚಕ ನಡೆದುಕೊಳ್ಳುವ ಬಗೆಗೂ ಫ್ರೈಡ್ 1997ರಲ್ಲಿ ಒಂದು ಹೆಸರಿಟ್ಟರು, ‘ಡಾರ್ವೊ’ ಎಂದು. ಇಂಗ್ಲಿಷಿನ ಐದು ಪದಗಳ ಮೊದಲಕ್ಷರ ಅದು. ಕನ್ನಡದಲ್ಲಿ ಅದಕ್ಕೆ ಪದ ಬೇಕಿಲ್ಲ, ಸಂಭಾಷಣೆಯೇ ಸಾಕು. “ಯಾವ ಮೆಸೇಜು? ಅಂಥದ್ದೇನೂ ಇಲ್ಲ.” “ನನ್ನ ಫೋನ್ ಮುಟ್ಟೋಕೆ ನಿನಗೆ ಯಾರು ಹೇಳಿದ್ದು?” “ಹಗಲೂ ರಾತ್ರಿ ದುಡಿದು ಬಂದವನಿಗೆ ಮನೇಲಿ ಈ ನರಕ. ಇನ್ನೊಬ್ಬನಾಗಿದ್ದರೆ ಎಂದೋ ಬಿಟ್ಟುಹೋಗ್ತಿದ್ದ.” ಮೊದಲು ಅಲ್ಲಗಳೆಯುವುದು, ಆಮೇಲೆ ಮೇಲೆ ಬೀಳುವುದು, ಕೊನೆಗೆ ತಾನೇ ನೊಂದವನಾಗುವುದು. ಐದು ನಿಮಿಷದಲ್ಲಿ ಪ್ರಶ್ನೆ ಕೇಳಿದವಳೇ ಕ್ಷಮೆ ಕೇಳುತ್ತಿರುತ್ತಾಳೆ. ರಾತ್ರಿ ಮಲಗುವಾಗ ಆಕೆಯ ನೆನಪಿನಲ್ಲಿ ಉಳಿಯುವುದು ತಾನು ಜಗಳ ತೆಗೆದೆ ಎಂಬುದು. ಮೆಸೇಜು ಎಲ್ಲೋ ಹಿಂದೆ ಸರಿದಿರುತ್ತದೆ.

ಇದನ್ನೇ ಈಗ ಜನ ಗ್ಯಾಸ್‌ಲೈಟಿಂಗ್ ಎನ್ನುತ್ತಾರೆ. ಪ್ಯಾಟ್ರಿಕ್ ಹ್ಯಾಮಿಲ್ಟನ್ 1938ರಲ್ಲಿ ಬರೆದ ನಾಟಕದಿಂದ ಬಂದ ಹೆಸರು. 1944ರಲ್ಲಿ ಇಂಗ್ರಿಡ್ ಬರ್ಗ್‌ಮನ್ ನಟಿಸಿದ ಸಿನಿಮಾ ಅದನ್ನು ಲೋಕಕ್ಕೆಲ್ಲ ತಲುಪಿಸಿತು. ಗಂಡ ರಾತ್ರಿ ಗುಟ್ಟಾಗಿ ಅಟ್ಟದಲ್ಲಿ ಒಡವೆ ಹುಡುಕಲು ದೀಪ ಹಚ್ಚಿದಾಗ ಕೆಳಗಿನ ಗ್ಯಾಸ್ ದೀಪ ಮಂಕಾಗುತ್ತದೆ. ಹೆಂಡತಿ ಅದನ್ನು ಕಾಣುತ್ತಾಳೆ. ಅದು ನಿನ್ನ ಭ್ರಮೆ ಎಂದು ನಂಬಿಸಲಾಗುತ್ತದೆ. ಈಗ ಆ ಪದ ಸಸ್ತಾ ಆಗಿದೆ, ಯಾರು ಏನು ಸುಳ್ಳಾಡಿದರೂ ಅದೇ. ಇದರಿಂದ ನಷ್ಟವಾಗುವುದು ನಿಜವಾಗಿ ಅದನ್ನು ಉಂಡವರಿಗೆ. ಸಾಲ ಮಾಡಿದ್ದನ್ನು ಮುಚ್ಚಿಟ್ಟ ಗಂಡ ಸುಳ್ಳುಗಾರ ನಿಜ. ಸಿಕ್ಕಿಬಿದ್ದಾಗ ಮುಖ ಬಾಡಿಸಿಕೊಂಡು ಒಪ್ಪಿದರೆ ಹೆಂಡತಿಗೆ ಸಿಟ್ಟು ಬರುತ್ತದೆ, ನೋವಾಗುತ್ತದೆ, ಆದರೆ ತನ್ನ ಕಣ್ಣಿನ ಮೇಲಿನ ನಂಬಿಕೆ ಹೋಗುವುದಿಲ್ಲ. ಗ್ಯಾಸ್‌ಲೈಟಿಂಗ್ ಕದಿಯುವುದು ಆ ನಂಬಿಕೆಯನ್ನೇ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ವಠಾರದ ಕೊನೆಯ ಮನೆಯಲ್ಲಿ ಒಬ್ಬರಿದ್ದರು. ಮಕ್ಕಳೆಲ್ಲ ಅವರನ್ನು ಅತ್ತೆ ಎನ್ನುತ್ತಿದ್ದೆವು. ಅವರ ಯಜಮಾನರು ವಠಾರಕ್ಕೆಲ್ಲ ಬೇಕಾದವರು, ಯಾರ ಮನೆಯಲ್ಲಿ ಏನಾದರೂ ಮೊದಲು ಓಡಿಬರುವವರು. ಅತ್ತೆಯ ಅಡುಗೆಮನೆಯ ಗೋಡೆಯಲ್ಲಿ ಎಲ್ಲರ ಮನೆಯ ಹಾಗೇ ಒಂದು ಕ್ಯಾಲೆಂಡರ್. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಏಕಾದಶಿ. ಹತ್ತಿರ ಹೋಗಿ ನೋಡಿದರೆ ತಾರೀಖಿನ ಕೆಲವು ಚೌಕಗಳಲ್ಲಿ ಇರುವೆ ಸಾಲಿನಂಥ ಅಕ್ಷರ: ‘ಸಂಬಳ ಬಂದಿಲ್ಲ ಎಂದರು.’ ‘ಭಾನುವಾರ ಆಫೀಸು ಎಂದರು.’ ‘ಬಳೆ ನಾನೇ ಕೊಟ್ಟೆನಂತೆ.’ ತವರಿನಿಂದ ಬಂದ ಎರಡು ಚಿನ್ನದ ಬಳೆಗಳು ಗಿರವಿ ಅಂಗಡಿ ಸೇರಿದ್ದವು. ನೀನೇ ಬಿಚ್ಚಿ ಕೊಟ್ಟೆಯಲ್ಲ, ಮರೆತೆಯಾ ಎಂದು ಯಜಮಾನರು ಕೇಳಿದ್ದರು. ಇದೇನು ಇಷ್ಟೆಲ್ಲ ಬರೆಯುತ್ತೀರಿ ಎಂದು ನನ್ನ ತಾಯಿ ಕೇಳಿದಾಗ ಅತ್ತೆ ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ: “ಮರೆತುಹೋಗುತ್ತೆ ಅಂತಲ್ಲ ಕಣ್ರೀ. ಅವರು ಹೇಳಿದ ಮೇಲೆ ಹಾಗೇ ಇತ್ತೇನೋ ಅಂತ ನನಗೇ ಅನ್ನಿಸಿಬಿಡುತ್ತೆ.”

ಹೊಸ ವರ್ಷ ಬಂದಾಗ ಹಳೆಯ ಕ್ಯಾಲೆಂಡರಿನ ಹಾಳೆಗಳಿಂದ ನಮ್ಮ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದರು. ಅತ್ತೆ ತಮ್ಮದನ್ನು ಸುತ್ತಿ ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದರು. ಮನಸ್ಸು ಸುಳ್ಳಾಗಬಹುದು, ಬರೆದದ್ದು ಸುಳ್ಳಾಗದು ಎಂದು ಅವರಿಗೆ ಯಾವ ಮನೋವಿಜ್ಞಾನಿಯೂ ಹೇಳಿರಲಿಲ್ಲ.

ಹಾಗಾದರೆ ಸದಾ ಕಹಿಯೇ ಇತ್ತೇ? ಇರಲಿಲ್ಲ, ಮತ್ತು ಹೊರಗಿನವರಿಗೆ ಅರ್ಥವಾಗದ್ದೇ ಇದು. ಕೆಲವು ಸಂಜೆ ಆ ಯಜಮಾನರು ಮಲ್ಲಿಗೆ ತರುತ್ತಿದ್ದರು, ಅತ್ತೆಯನ್ನು ಸಿನಿಮಾಕ್ಕೆ ಕರೆದೊಯ್ಯುತ್ತಿದ್ದರು. ಆ ದಿನ ಅತ್ತೆಯ ಮುಖ ನೋಡಬೇಕಿತ್ತು. ಕೆನಡಾದ ಡೊನಾಲ್ಡ್ ಡಟನ್ ಮತ್ತು ಸೂಸನ್ ಪೇಂಟರ್ 1981ರಲ್ಲಿ ಇದನ್ನು ‘ಆಘಾತದ ಬೆಸುಗೆ’ ಎಂಬ ಅರ್ಥದ ಹೆಸರಿನಿಂದ ಕರೆದರು. ಅವರ ಪ್ರಕಾರ ಬೆಸುಗೆಗೆ ಎರಡೇ ವಸ್ತು ಸಾಕು: ಒಬ್ಬರ ಕೈಯಲ್ಲೇ ಅಧಿಕಾರವಿರಬೇಕು, ಹಿಂಸೆ ಮತ್ತು ಅಕ್ಕರೆ ಯಾವಾಗ ಯಾವುದು ಎಂದು ಹೇಳಲಾಗದಂತೆ ಬರುತ್ತಿರಬೇಕು. ಪ್ರಯೋಗಶಾಲೆಯಲ್ಲಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳಲ್ಲಿ ಕಂಡದ್ದೂ ಇದನ್ನೇ. ಕುಕ್ಕಿದಾಗಲೆಲ್ಲ ಕಾಳು ಸಿಗುತ್ತಿದ್ದ ಹಕ್ಕಿ, ಕಾಳು ನಿಂತ ಕೂಡಲೇ ಬೇಗ ಕೈಬಿಡುತ್ತದೆ. ಎಂದೋ ಒಮ್ಮೆ ಸಿಗುತ್ತಿದ್ದ ಹಕ್ಕಿ ಬಿಡದೆ ಕುಕ್ಕುತ್ತಲೇ ಇರುತ್ತದೆ. ಮಲ್ಲಿಗೆ ತಂದ ಸಂಜೆಯೇ ನಿಜವಾದ ಗಂಡ, ಉಳಿದದ್ದು ಏನೋ ಗ್ರಹಚಾರ ಎಂದು ಹೆಂಡತಿ ಲೆಕ್ಕ ಹಾಕುತ್ತಾಳೆ. ನೋವು ಕೊಟ್ಟವನೇ ಸಮಾಧಾನಕ್ಕೂ ಸಿಗುವ ಒಬ್ಬನೇ ವ್ಯಕ್ತಿಯಾದಾಗ, ಓಡಿಹೋಗುವ ದಿಕ್ಕೂ ಅವನ ಕಡೆಗೇ ಇರುತ್ತದೆ. ಬೇರೆ ಮನೆ ಮಾಡಿದ ಸ್ಯಾಲಿ ತಿರುಗಿ ಬಂದದ್ದು ನನಗೆ ಹೀಗೆ ಅರ್ಥವಾಗುತ್ತದೆ.

ಮೂರನೆಯ ಕೈ ನಮ್ಮದು. “ಕುಡಿಯಲ್ಲ, ಹೊಡೆಯಲ್ಲ, ಇನ್ನೇನು ಬೇಕು ನಿನಗೆ?” ತವರಿನ ಈ ಒಂದು ಮಾತು ಎಷ್ಟು ಹೆಣ್ಣುಮಕ್ಕಳನ್ನು ಬಂದ ಬಸ್ಸಿನಲ್ಲೇ ವಾಪಸ್ ಕಳಿಸಿದೆಯೋ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಸಮಾನರ ಜಗಳಕ್ಕೆ ಹೇಳಿದ್ದು. ಉಂಡು ಮಲಗಿದ ಮೇಲೆ ಶುರುವಾಗುವುದರ ಬಗ್ಗೆ ಅದಕ್ಕೆ ಮಾತಿಲ್ಲ. ಕ್ಯಾಲೆಂಡರ್ ನೋಡಿದ ನನ್ನ ತಾಯಿ, ಮಕ್ಕಳ ಮುಖ ನೋಡಿ ಹೊಂದಿಕೊಂಡು ಹೋಗಿ ಎಂದರು. ತಾಯಿ ಕೆಟ್ಟವರಲ್ಲ, ಆ ದಿನ ಅವರಿಗೆ ಗೊತ್ತಿದ್ದ ಏಕೈಕ ಔಷಧ ಅದು. ಅತ್ತೆ ಮೊದಲ ಬಾರಿಗೆ ತಾವು ಕಂಡದ್ದನ್ನು ಇನ್ನೊಬ್ಬರ ಕಣ್ಣಿಗೆ ತೋರಿಸಿದ್ದರು. ಆ ಇನ್ನೊಬ್ಬರೂ ಕಾಣಲಿಲ್ಲ. ಅಂದಿನಿಂದ ಅವರು ನಮ್ಮ ಮನೆಗೆ ಬರುವುದು ಕಡಿಮೆಯಾಯಿತು. ಅದರ ಅರ್ಥ ನನಗೆ ಆಗಿದ್ದು ಎಷ್ಟೋ ವರ್ಷಗಳ ಮೇಲೆ, ಸ್ಯಾಲಿಯ ಕಥೆ ಓದುವಾಗ.

ಆ ಕಥೆಯ ಉಳಿದ ಭಾಗ ಹೇಳಿಬಿಡುತ್ತೇನೆ. 2015ರಲ್ಲಿ ಇಂಗ್ಲೆಂಡ್ ಹೊಸ ಅಪರಾಧವೊಂದನ್ನು ಕಾನೂನಿಗೆ ಸೇರಿಸಿತು: ಹೊಡೆತವಿಲ್ಲದಿದ್ದರೂ, ಆಪ್ತ ಸಂಬಂಧದಲ್ಲಿ ಒಬ್ಬರನ್ನು ಹಿಡಿತದಲ್ಲಿಟ್ಟು ಕುಗ್ಗಿಸುವ ನಿರಂತರ ನಡವಳಿಕೆ, ಅಂದರೆ ‘ಹಿಡಿತದ ದೌರ್ಜನ್ಯ’, ಅಪರಾಧ. ಅಲ್ಲಿಯವರೆಗೆ ಸ್ಯಾಲಿಯ ಮನೆಯವರ ಬಳಿಯೂ ಅದಕ್ಕೆ ಹೆಸರಿರಲಿಲ್ಲ. ಮಗ ಡೇವಿಡ್ ಆ ಹೆಸರು ಹಿಡಿದು ತಾಯಿಗಾಗಿ ಹೋರಾಡಿದ. 2019ರ ಫೆಬ್ರುವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಕೊಲೆ ಅಪರಾಧದ ತೀರ್ಪನ್ನೇ ರದ್ದು ಮಾಡಿತು. ಹಿಡಿತದ ದೌರ್ಜನ್ಯ ತನ್ನಷ್ಟಕ್ಕೇ ಕೊಲೆಗೆ ಸಮರ್ಥನೆಯಲ್ಲ ಎಂದು ನ್ಯಾಯಾಲಯ ಸ್ಪಷ್ಟವಾಗಿ ಹೇಳಿತ್ತು. ಗಣನೆಗೆ ಬಂದದ್ದು ಆಕೆಯ ಮನಸ್ಸಿನ ಸ್ಥಿತಿಯ ಬಗ್ಗೆ ಸಿಕ್ಕ ಹೊಸ ವೈದ್ಯಕೀಯ ಸಾಕ್ಷ್ಯ. ಜೂನ್‌ನಲ್ಲಿ, ಕೊಲೆಯಲ್ಲದ ನರಹತ್ಯೆ ಎಂಬುದನ್ನು ಸರ್ಕಾರಿ ಪಕ್ಷವೇ ಒಪ್ಪಿತು. ಅನುಭವಿಸಿದ ಜೈಲೇ ಸಾಕೆಂದು ಆಕೆಯನ್ನು ಬಿಟ್ಟರು. ಹೊರಬಂದ ಮೇಲೂ ಆಕೆ ರಿಚರ್ಡ್‌ನನ್ನು ಇನ್ನೂ ಪ್ರೀತಿಸುತ್ತೇನೆ ಎಂದಳು. ಅನೇಕರಿಗೆ ಆ ಮಾತು ನುಂಗಲಾಗಲಿಲ್ಲ. ಡಟನ್ ಮತ್ತು ಪೇಂಟರ್ ಹೇಳಿದ ಬೆಸುಗೆಯನ್ನು ಬಲ್ಲವರಿಗೆ ಅದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಕಾನೂನು ‘ಗೊತ್ತಾಗುವುದನ್ನು’ ಹೇಗೆ ಕಾಣುತ್ತದೆ ನೋಡಿ. ಮೋಸದಿಂದ ಒಪ್ಪಿಗೆ ಪಡೆದ ಮದುವೆಯನ್ನು ರದ್ದು ಮಾಡಿಸಲು ಹಿಂದೂ ವಿವಾಹ ಕಾಯ್ದೆಯ 12ನೇ ಕಲಮಿನಲ್ಲಿ ಅವಕಾಶವಿದೆ. ಆದರೆ ಮೋಸ ತಿಳಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ತಿಳಿದ ಮೇಲೂ ಮನಃಪೂರ್ವಕ ಒಪ್ಪಿಗೆಯಿಂದ ಜೊತೆಗೆ ಬಾಳಿದ್ದರೆ ಅರ್ಜಿ ನಿಲ್ಲುವುದಿಲ್ಲ. ಕಾನೂನಿಗೆ ಒಂದು ತಾರೀಖು ಬೇಕು, ಅದಕ್ಕೆ ಅದರದೇ ನ್ಯಾಯವೂ ಇದೆ. ಆದರೆ ಅನುಮಾನಿಸಿ, ಕೇಳಿ, ಬೈಸಿಕೊಂಡು, ಕ್ಷಮೆ ಕೇಳಿ, ಮರೆತು, ಮತ್ತೆ ಕಂಡವಳು ಯಾವ ತಾರೀಖು ಬರೆಯಬೇಕು? ಆಕೆಗೆ ಹತ್ತು ಸಲ ಗೊತ್ತಾಗಿದೆ, ಹತ್ತು ಸಲ ಅಳಿಸಿಹೋಗಿದೆ. ಅವಳು ಜೊತೆಗೆ ಬಾಳಿದ್ದು ಮನಃಪೂರ್ವಕವಾಗಿಯೇ ಎಂದು ತೀರ್ಮಾನಿಸುವ ಮೊದಲು, ಆ ಮನಸ್ಸು ಅಷ್ಟು ದಿನ ಯಾರ ಕೈಯಲ್ಲಿತ್ತು ಎಂದೂ ಕೇಳಬೇಕಾಗುತ್ತದೆ.

ಎಣಿಕೆಯಲ್ಲೂ ಇದೇ ಕೊರತೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಮಹಿಳೆಯರ ಪ್ರಮಾಣ ಕರ್ನಾಟಕದಲ್ಲಿ ಶೇ 44.4. ದೇಶದ ಸರಾಸರಿ ಶೇ 29.3. ಹಿಂದಿನ ಸಮೀಕ್ಷೆಯಲ್ಲಿ ನಮ್ಮದು ಶೇ 20.6 ಇತ್ತು. ಹಿಂಸೆ ಹೆಚ್ಚಿತೋ ಹೇಳುವ ಧೈರ್ಯ ಹೆಚ್ಚಿತೋ, ಆ ಸಂಖ್ಯೆಯೊಂದರಿಂದಲೇ ತೀರ್ಮಾನಿಸಲು ನಾನು ಹೋಗುವುದಿಲ್ಲ. ಮನಸ್ಸಿಗೆ ಮಾಡುವ ಹಿಂಸೆಯ ಬಗ್ಗೆ ಸಮೀಕ್ಷೆ ಕೇಳುವುದು ಮೂರು ಪ್ರಶ್ನೆ: ನಾಲ್ಕು ಜನರ ಎದುರು ಅವಮಾನ ಮಾಡಿದನೇ, ನಿಮಗೋ ನಿಮ್ಮವರಿಗೋ ಕೇಡು ಮಾಡುವುದಾಗಿ ಬೆದರಿಸಿದನೇ, ಬೈದು ಕೀಳಾಗಿ ಕಾಣುವಂತೆ ಮಾಡಿದನೇ. ನೀವು ಕಂಡದ್ದನ್ನು ಕಂಡಿಲ್ಲವೆಂದು ನಂಬಿಸಿದನೇ ಎಂಬ ಪ್ರಶ್ನೆ ಅಲ್ಲಿಲ್ಲ.

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದಕ್ಕಿಂತ ಉದಾರವಾಗಿದೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಅದು ದೈಹಿಕ, ಲೈಂಗಿಕ, ಮಾತಿನ ಮತ್ತು ಭಾವನಾತ್ಮಕ, ಆರ್ಥಿಕ ಹೀಗೆ ನಾಲ್ಕು ಬಗೆಯ ದೌರ್ಜನ್ಯವನ್ನು ಹೆಸರಿಸುತ್ತದೆ. ಕರ್ನಾಟಕದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ (ಸಿಡಿಪಿಒ) ಈ ಕಾಯ್ದೆಯ ಸಂರಕ್ಷಣಾಧಿಕಾರಿಗಳು. ಸಾಂತ್ವನ ಕೇಂದ್ರಕ್ಕೆ ಹೋಗಬಹುದು, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದು. ಅಲ್ಲಿ ತುಂಬುವ ಕೌಟುಂಬಿಕ ಘಟನಾ ವರದಿಯ ನಮೂನೆಯನ್ನು ನಾನು ಇತ್ತೀಚೆಗೆ ಸಾವಧಾನವಾಗಿ ಓದಿದೆ. ನಡತೆಯ ಮೇಲೆ ಆರೋಪ, ವರದಕ್ಷಿಣೆ ತರಲಿಲ್ಲವೆಂದು ಹೀಯಾಳಿಕೆ, ಗಂಡುಮಗು ಹೆರಲಿಲ್ಲವೆಂದು ಹೀಯಾಳಿಕೆ, ಮನೆಯಿಂದ ಹೊರಗೆ ಹೋಗದಂತೆ ತಡೆ, ಕೆಲಸಕ್ಕೆ ಸೇರದಂತೆ ತಡೆ ಎಂದು ಸಾಲುಸಾಲಾಗಿ ಇದೆ. ಆ ಪಟ್ಟಿಯ ಕೊನೆಯಲ್ಲಿ, ಬೇರೆ ಯಾವುದಾದರೂ ಮಾತಿನ ಅಥವಾ ಭಾವನಾತ್ಮಕ ದೌರ್ಜನ್ಯವಿದ್ದರೆ ಬರೆಯಿರಿ ಎಂದು ಜಾಗ ಬಿಟ್ಟಿದ್ದಾರೆ. ಆಮೇಲೆ ಆರ್ಥಿಕ ಹಿಂಸೆಯ ಪಟ್ಟಿ. ಅದರಲ್ಲಿ ಹೆಂಡತಿಗೆ ತಿಳಿಸದೆ, ಅವಳ ಒಪ್ಪಿಗೆಯಿಲ್ಲದೆ ಸ್ತ್ರೀಧನವನ್ನು ಮಾರುವುದು, ಅಡವಿಡುವುದು ಕೂಡ ಇದೆ.

ಅತ್ತೆಯ ಬಳೆಗಳು ಆ ಸಾಲಿಗೆ ಸೇರುತ್ತವೆ. ‘ನಾನೇ ಕೊಟ್ಟೆನಂತೆ’ ಎಂಬುದನ್ನು ಬರೆಯಬೇಕಾದದ್ದು ಮೇಲಿನ ಆ ಖಾಲಿ ಜಾಗದಲ್ಲಿ.